ಡೀಸೆಲ್ ಮೋಹ ಬಿಡ್ರಪ್ಪಾ, ಬಾಗಿಲಿನ ಚೀಟಿ ಓದ್ರಪ್ಪಾ!

ನೇರ ವಿಷಯಕ್ಕೆ ಬರ್ತೀನಿ. ಅಮೆರಿಕದಲ್ಲಿರೋ ನಮ್ಮವರು ಟ್ರಾವೆಲ್ ಟ್ರೇಲರ್ ಎಳೆಯೋಕೆ ಅಂತ ಟ್ರಕ್ ಕೊಳ್ಳುವ ರೀತಿ ನೋಡಿದರೆ ನನಗೆ ಮೈಯೆಲ್ಲಾ ಉರಿಯುತ್ತೆ. ಇದರಲ್ಲಿ ಎರಡು ಪಂಗಡ. ಮೊದಲನೆಯದು ಜಾಹೀರಾತು ನಂಬುವ ಪಂಗಡ: "ಹಾಫ್ ಟನ್ ಟ್ರಕ್ಕೇ ಹನ್ನೊಂದು ಸಾವಿರ ಪೌಂಡ್ ಎಳೆಯುತ್ತಂತೆ ಗುರೂ, ಸಾಕು ಬಿಡು." ಎರಡನೆಯದು ಡೀಸೆಲ್ ಭಕ್ತರ ಪಂಗಡ: "ಎಳೆಯೋದು ಅಂದ್ರೆ ಡೀಸೆಲ್ಲೇ, ಪೆಟ್ರೋಲ್ ಎಲ್ಲಾ ಹೆಂಗಸರ ಸ್ಕೂಟರ್‌ಗೆ." (ಈ ಎರಡನೇ ಮಾತು ಹೇಳಿದವನ ಹೆಂಡತಿ ಅವನಿಗಿಂತ ಚೆನ್ನಾಗಿ ಟ್ರೇಲರ್ ರಿವರ್ಸ್ ಹಾಕ್ತಾಳೆ, ಅದು ಬೇರೆ ಮಾತು :-) ) ಮೊದಲ ಪಂಗಡ ಹೆಂಡತಿ ಮಕ್ಕಳ ಜೀವದ ಜೊತೆ ಆಟ ಆಡ್ತಿದೆ. ಎರಡನೆಯದು ತನ್ನ ದುಡ್ಡಿನ ಜೊತೆ.

ಇವೆರಡರ ನಡುವೆ ಯಾರೂ ತಿರುಗಿ ನೋಡದ ಒಂದು ಗಾಡಿ ಇದೆ. ಏಳೆಂಟು ವರ್ಷ ಹಳೆಯದು, ಮುಕ್ಕಾಲು ಟನ್ ವರ್ಗದ್ದು, ಗ್ಯಾಸ್ ಇಂಜಿನ್ನಿನದು. ಫೋರ್ಡ್ ಎಫ್-250, ಸಿಲ್ವೆರಾಡೋ 2500, ರ‍್ಯಾಮ್ 2500 ಆ ಜಾತಿ. ನಮ್ಮಂಥ ಸಂಸಾರಸ್ಥರು ಟ್ರೇಲರ್ ಎಳೆಯೋಕೆ ಕೊಳ್ಳಬೇಕಾದ್ದು ಅದನ್ನೇ. ಯಾಕೆ ಅಂತ ಲೆಕ್ಕ ಸಮೇತ ಹೇಳ್ತೀನಿ, ಜಗಳಕ್ಕೂ ತಯಾರಾಗೇ ಇದೀನಿ.

ಊರಲ್ಲಿ ಕೂತು ಓದುವ ಗೆಳೆಯರಿಗೆ ಒಂದು ಸ್ಪಷ್ಟನೆ. ಇಲ್ಲಿ ಗ್ಯಾಸ್ ಅಂದ್ರೆ ಪೆಟ್ರೋಲು, ಸಿಲಿಂಡರ್ ಕಟ್ಟಿಕೊಂಡ ಆಟೋ ಅಲ್ಲ. ಟ್ರಾವೆಲ್ ಟ್ರೇಲರ್ ಅಂದ್ರೆ ಅಡುಗೆಮನೆ, ಹಾಸಿಗೆ, ಕಕ್ಕಸು ಎಲ್ಲಾ ಇರೋ ಚಕ್ರದ ಮನೆ. ಟ್ರಕ್ಕಿನ ಬಂಪರ್ ಕೆಳಗಿನ ಗುಂಡಿಗೆ ಸಿಕ್ಕಿಸಿ ಎಳೀತಾರೆ. ಹಾಫ್ ಟನ್, ಮುಕ್ಕಾಲು ಟನ್ ಅನ್ನೋದು ಹಳೇ ಕಾಲದ ಹೆಸರು, ಈಗ ಅದಕ್ಕೂ ಟನ್ನಿಗೂ ಸಂಬಂಧ ಇಲ್ಲ. 150 ಅಥವಾ 1500 ಅಂತ ನಂಬರ್ ಇದ್ದರೆ ಹಾಫ್ ಟನ್, 250 ಅಥವಾ 2500 ಇದ್ದರೆ ಮುಕ್ಕಾಲು ಟನ್. ಅಷ್ಟು ಗೊತ್ತಿದ್ರೆ ಸಾಕು.

ಎಳೆಯೋದಲ್ಲ ಸ್ವಾಮೀ, ಹೊರೋದು

ಎತ್ತಿನ ಗಾಡಿ ನೋಡಿದವರಿಗೆ ಇದನ್ನ ಹೇಳಿಕೊಡಬೇಕಿಲ್ಲ. ಗಾಡಿಗೆ ಹುಲ್ಲು ಹೇರುವಾಗ ಭಾರ ಹಿಂದಕ್ಕೆ ಬಿದ್ದರೆ ಮೂಕಿ ಮೇಲೆದ್ದು ಎತ್ತಿನ ಕುತ್ತಿಗೆಗೆ ಉರುಲು. ತೀರಾ ಮುಂದಕ್ಕೆ ಬಿದ್ದರೆ ನೊಗ ಹೆಗಲು ಮುರಿಯುತ್ತೆ. ಗಾಡಿ ಹೊಡೆಯೋ ಪ್ರತಿಯೊಬ್ಬ ರೈತನಿಗೂ ಗೊತ್ತಿರೋ ಈ ವಿಷಯ ಟ್ರಕ್ ಮಾರುವವನಿಗೆ ಮಾತ್ರ ಗೊತ್ತಿರೋದಿಲ್ಲ, ಅಥವಾ ಗೊತ್ತಿದ್ದೂ ಹೇಳೋದಿಲ್ಲ.

ಟ್ರೇಲರ್‌ನದ್ದೂ ಅದೇ ಕಥೆ. ಅದರ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಟ್ರಕ್ಕಿನ ಗುಂಡಿಯ ಮೇಲೆ ಕೂರಬೇಕು. ಇದಕ್ಕೆ ಟಂಗ್ ವೇಟ್ ಅಂತಾರೆ. ಕಡಿಮೆಯಾದರೆ ಟ್ರೇಲರ್ ಹಾವಿನ ಬಾಲದ ಹಾಗೆ ಆಡೋಕೆ ಶುರುಮಾಡುತ್ತೆ. ಸರಿಯಾಗಿ ಕೂತರೆ ಆ ಭಾರ ಟ್ರಕ್ಕೇ ಹೊರಬೇಕು, ಒಳಗೆ ಕೂತ ಜನರ ಜೊತೆ, ಹಿಂದಿನ ಬೆಡ್‌ನಲ್ಲಿ ಇಟ್ಟ ಸಾಮಾನಿನ ಜೊತೆ. ಟ್ರಕ್ ಎಷ್ಟು ಹೊರಬಹುದು ಅನ್ನೋದು ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಅಂಟಿಸಿರೋ ಚೀಟಿಯಲ್ಲಿ ಇರುತ್ತೆ. ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಅಂತ. ಅದು ಆ ಒಂದು ಗಾಡಿಗೇ ಅಂತ ಅಚ್ಚಾದ ನಂಬರ್. ಅದೇ ಮಾಡೆಲ್ಲಿನ ಪಕ್ಕದ ಗಾಡಿಯದ್ದು ಬೇರೆ ಇರುತ್ತೆ. ಸನ್‌ರೂಫ್, ಲೆದರ್ ಸೀಟು, ತಾನಾಗೇ ಇಳಿಯೋ ಮೆಟ್ಟಿಲು... ಒಂದೊಂದು ಸೋಕಿಗೂ ಒಂದಷ್ಟು ಪೌಂಡ್ ಕಳೀತಾ ಹೋಗುತ್ತೆ.

ಈಗ ಲೆಕ್ಕ. ತುಂಬಿದಾಗ 7,600 ಪೌಂಡ್ ಬರೋ ಸಾಧಾರಣ ಫ್ಯಾಮಿಲಿ ಟ್ರೇಲರ್ ತಗೊಳ್ಳಿ. ಡ್ರೈ ವೇಟ್ ಅಂತ ಕಂಪನಿ ಕೊಡೋ ನಂಬರ್ ನೋಡಬೇಡಿ, ಖಾಲಿ ಟ್ರೇಲರ್ ಯಾರೂ ಎಳೆಯೋದಿಲ್ಲ. 40 ಗ್ಯಾಲನ್ ನೀರು ತುಂಬಿದರೇನೇ 330 ಪೌಂಡ್ ಏರುತ್ತೆ, ಇನ್ನು ಕುಕ್ಕರ್, ಅಕ್ಕಿ ಮೂಟೆ, ಉಪ್ಪಿನಕಾಯಿ ಭರಣಿ ಬೇರೆ. 7,600ಕ್ಕೆ ನೂರಕ್ಕೆ 13ರಂತೆ ಟಂಗ್ ವೇಟ್ 988. ಅದನ್ನು ಸಮತೋಲನ ಮಾಡೋ ಹಿಚ್‌ನ ತೂಕ 90. ನಾನು, ಹೆಂಡತಿ, ಕಾರ್ ಸೀಟಿನಲ್ಲಿ ಮಗು, ಆರು ತಿಂಗಳಿಗೆ ಅಂತ ಬಂದಿರೋ ಅಪ್ಪ ಅಮ್ಮ, ಐವರೂ ಸೇರಿ 660. ಬೆಡ್‌ನಲ್ಲಿ ಜನರೇಟರ್, ಸೌದೆ, ಐಸ್ ಡಬ್ಬ ಅಂತ 200. ಒಟ್ಟು 1,938 ಪೌಂಡ್.

ನಿಮ್ಮ ಸೊಗಸಾದ ಹಾಫ್ ಟನ್ನಿನ ಚೀಟಿ 1,500 ಅಂತ ಹೇಳಿದರೆ (ಬಹಳಷ್ಟು ಗಾಡಿಗಳದ್ದು ಆ ಆಸುಪಾಸೇ), ನೀವು ಮನೆ ಬಿಡೋ ಮೊದಲೇ 438 ಪೌಂಡ್ ಮೀರಿಯಾಯ್ತು. ಎಳೆಯೋ ಸಾಮರ್ಥ್ಯ ಹನ್ನೊಂದು ಸಾವಿರ ಅಂತಿದ್ರೂ ಅಷ್ಟೇ, ಹದಿನಾಲ್ಕು ಅಂತಿದ್ರೂ ಅಷ್ಟೇ. ಗ್ಯಾಸ್ ಇಂಜಿನ್ನಿನ ಮುಕ್ಕಾಲು ಟನ್ ಗಾಡಿಯ ಚೀಟಿ 3,000ದ ಸುತ್ತಮುತ್ತ ಇರುತ್ತೆ. ಇನ್ನೂ ಸಾವಿರ ಪೌಂಡ್ ಉಳೀತು.

ಆ ಹನ್ನೊಂದು ಸಾವಿರ ಎಲ್ಲಿಂದ ಬಂತು?

ಕಂಪನಿಯವರು ಸುಳ್ಳು ಹೇಳ್ತಿಲ್ಲ, ಅದೇ ತಮಾಷೆ. ಎಸ್‌ಎಇ ಜೆ2807 ಅಂತ ಒಂದು ಪರೀಕ್ಷಾ ಮಾನದಂಡ ಇದೆ. ಟೊಯೋಟಾ ತನ್ನ 2011ರ ಟಂಡ್ರಾಗೆ ಮೊದಲು ಅಳವಡಿಸಿಕೊಂಡಿತು, ಉಳಿದವರು ಕೆಲವು ವರ್ಷ ಎಳೆದಾಡಿ ಆಮೇಲೆ ಬಂದರು. ಅರಿಜೋನಾದ ಡೇವಿಸ್ ಡ್ಯಾಮ್ ಏರನ್ನ ಬಿಸಿಲಲ್ಲಿ ಎಸಿ ಹಾಕಿಕೊಂಡು ಹತ್ತಬೇಕು, ವೇಗ ಗಂಟೆಗೆ 40 ಮೈಲಿಗಿಂತ ಇಳೀಬಾರದು. ಕಷ್ಟದ ಪರೀಕ್ಷೆಯೇ, ಒಪ್ಪೋಣ. ಆದರೆ ಅದರಲ್ಲಿ ಹಾಫ್ ಟನ್ ಟ್ರಕ್ಕಿನ ಒಳಗೆ ಕೂರೋದು ಎಷ್ಟು ಜನ ಗೊತ್ತಾ? ತಲಾ 150 ಪೌಂಡಿನ ಇಬ್ಬರು! ಟಂಗ್ ವೇಟ್ ಹಿಡಿಯೋದು ನೂರಕ್ಕೆ 10. ಅಪ್ಪ ಅಮ್ಮ ಇಲ್ಲ, ಮಗು ಇಲ್ಲ, ಜನರೇಟರ್ ಇಲ್ಲ. ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ ಇದು "ನನ್ನ ಮಷೀನಲ್ಲಿ ಓಡ್ತಿದೆ" ಅನ್ನೋ ಡೆವಲಪರ್‌ನ ಉತ್ತರ. ಪ್ರೊಡಕ್ಷನ್‌ನಲ್ಲಿ ಏನಾಗುತ್ತೆ ಅಂತ ಕೇಳಬೇಡಿ.

2021ರ ಎಫ್-150ಗೆ ಗರಿಷ್ಠ 14,000 ಪೌಂಡ್ ಅಂತ ಹಾಕಿದ್ರು. ನೂರಕ್ಕೆ 13 ಹಿಡಿದರೆ ಟಂಗ್ ವೇಟೇ 1,820. ಮಾಮೂಲಿ ಎಫ್-150 ಅದರ ಮೇಲೆ ಡ್ರೈವರನ್ನೂ ಕೂರಿಸಿಕೊಳ್ಳೋ ಹಾಗಿಲ್ಲ! ಆ ಗರಿಷ್ಠ ನಂಬರ್ ಸಿಗೋದು ಒಂದು ನಿರ್ದಿಷ್ಟ ಇಂಜಿನ್, ಕ್ಯಾಬ್, ಆಕ್ಸಲ್ ಕೂಡಿಬಂದಾಗ ಮಾತ್ರ. ಶೋರೂಮಿನಲ್ಲಿ ನಿಂತಿರೋದು ಆ ಗಾಡಿ ಆಗಿರೋದು ಅಪರೂಪ. ಒಬ್ಬ ಸೇಲ್ಸ್‌ಮನ್ ನನಗೆ "ಇದು ನಿಮ್ಮ ಮನೆಯನ್ನೇ ಎಳೆದುಕೊಂಡು ಹೋಗುತ್ತೆ" ಅಂದ. ಬಾಗಿಲು ತೆಗೆದು ಚೀಟಿ ತೋರಿಸಿದೆ, 1,380. "ಅದು ವಕೀಲರಿಗೋಸ್ಕರ ಹಾಕಿರೋದು ಸರ್" ಅಂದುಬಿಟ್ಟ! ಇಂಥವರ ಮಾತು ಕೇಳಿ ನಾವು ಎಂಟು ಅಡಿ ಅಗಲ, ಹತ್ತು ಹನ್ನೊಂದು ಅಡಿ ಎತ್ತರದ ಗೋಡೆಯೊಂದನ್ನ ಹೈವೇ ಮೇಲೆ ಎಳೆದುಕೊಂಡು ಹೋಗಬೇಕಂತೆ.

ನನ್ನ ಗೆಳೆಯನೊಬ್ಬ ಹಾಗೇ ಹೊರಟ. ವಯೋಮಿಂಗ್‌ನ ಐ-80, ಎಲ್ಕ್ ಮೌಂಟನ್ ಹತ್ತಿರ. ಅಲ್ಲಿ ಗಾಳಿ ಅಂದ್ರೆ ಹದಿನೆಂಟು ಚಕ್ರದ ಲಾರಿಗಳೇ ಮಗುಚಿಕೊಳ್ಳೋ ಗಾಳಿ. ಪಕ್ಕದಲ್ಲಿ ಒಂದು ಲಾರಿ ಹಾದು ಹೋಯ್ತು, ಟ್ರೇಲರ್ ಬಾಲ ಬೀಸಿತು, ಟ್ರಕ್ಕಿನ ಹಿಂಭಾಗವನ್ನೂ ಬೀಸಿತು. ಟ್ರೇಲರ್ ಬ್ರೇಕನ್ನ ಕೈಯಲ್ಲಿ ಒತ್ತಿ ಹೇಗೋ ನಿಲ್ಲಿಸಿದ. ಹಿಂದಿನ ಸೀಟಿನಲ್ಲಿ ಎರಡು ಮಕ್ಕಳು. ಯಾರಿಗೂ ಏನೂ ಆಗಲಿಲ್ಲ, ದೇವರ ದಯೆ. ಟ್ರೇಲರನ್ನ ಮುಂದಿನ ತಿಂಗಳೇ ಮಾರಿದ. ಭಾರವಾದ ಟ್ರಕ್ಕು, ಗಟ್ಟಿ ಸ್ಪ್ರಿಂಗು, ದಪ್ಪ ಗೋಡೆಯ ಇ-ರೇಟೆಡ್ ಟೈರು, ದೊಡ್ಡ ಬ್ರೇಕು, ಇವೆಲ್ಲ ಮುಕ್ಕಾಲು ಟನ್ನಿನಲ್ಲಿ ಯಾಕಿರುತ್ತೆ ಅಂತ ಅಂಥ ಹೊತ್ತಲ್ಲಿ ಅರ್ಥ ಆಗುತ್ತೆ. ಇಂಜಿನ್ ಪ್ರಶ್ನೆ ಆಮೇಲಿನದು.

ಇನ್ನು ಡೀಸೆಲ್ ಭಕ್ತರ ಸರದಿ

ನಮ್ಮ ಡೀಸೆಲ್ ಪ್ರೇಮ ಹುಟ್ಟಿದ್ದು ಊರಲ್ಲಿ. ಸರ್ಕಾರ ಬೆಲೆ ಹಿಡಿದಿಟ್ಟಿದ್ದ ಕಾಲದಲ್ಲಿ ಡೀಸೆಲ್ ಪೆಟ್ರೋಲಿಗಿಂತ ಎಷ್ಟೋ ಅಗ್ಗ ಇತ್ತು. ಮೈಲೇಜೂ ಜಾಸ್ತಿ, ಟ್ಯಾಕ್ಸಿಗೆ ಬಿಟ್ಟರೂ ಲಾಭ. ಆ ನಿಯಂತ್ರಣ 2014ರ ಅಕ್ಟೋಬರ್‌ನಲ್ಲೇ ಹೋಯ್ತು, ನಮ್ಮ ತಲೆಯಿಂದ ಮಾತ್ರ ಹೋಗಿಲ್ಲ. ಅಮೆರಿಕದಲ್ಲಿ ಡೀಸೆಲ್ ಸಾಮಾನ್ಯವಾಗಿ ಪೆಟ್ರೋಲಿಗಿಂತ ದುಬಾರಿ.

ಮೊದಲ ಪೆಟ್ಟು ಚೀಟಿಗೇ ಬೀಳುತ್ತೆ. ಡೀಸೆಲ್ ಇಂಜಿನ್ ಅದೇ ಟ್ರಕ್ಕಿನ ಗ್ಯಾಸ್ ಇಂಜಿನ್ನಿಗಿಂತ ನೂರಾರು ಪೌಂಡ್ ಭಾರ. ಒಟ್ಟು ತೂಕದ ಮಿತಿ ಎರಡಕ್ಕೂ ಹೆಚ್ಚುಕಮ್ಮಿ ಒಂದೇ, ಎಫ್-250ಗೆ ಎಷ್ಟೋ ವರ್ಷ 10,000 ಪೌಂಡ್. ಹಾಗಾಗಿ ಇಂಜಿನ್ ತಿಂದ ತೂಕ ನಿಮ್ಮ ಪಾಲಿನಿಂದಲೇ ಹೋಗೋದು. ಐಷಾರಾಮಿ ಡೀಸೆಲ್ ಮುಕ್ಕಾಲು ಟನ್ನಿನ ಚೀಟಿ 2,100 ಅಂತ ಇರೋದು ತೀರಾ ಸಾಮಾನ್ಯ. ಮೇಲಿನ ಲೆಕ್ಕದ 1,938 ಕಳೆದರೆ ಉಳಿಯೋದು 162. ಎರಡು ಪಟ್ಟು ದುಡ್ಡು ಕೊಟ್ಟು ಕಡಿಮೆ ಹೊರೋ ಗಾಡಿ ತಂದ ಹಾಗಾಯ್ತು!

ಎರಡನೇದು, ಇಂಧನ ಉಳಿತಾಯ ಅನ್ನೋ ಕಾಗಕ್ಕ ಗುಬ್ಬಕ್ಕನ ಕಥೆ. ಈ ದೊಡ್ಡ ಟ್ರಕ್ಕುಗಳಿಗೆ ಮೈಲೇಜ್ ಚೀಟಿ ಅಂಟಿಸಬೇಕು ಅಂತ ಕಾನೂನೇ ಇಲ್ಲ, ಹಾಗಾಗಿ ಬಾಯಿಗೆ ಬಂದ ನಂಬರ್ ಹೇಳ್ತಾರೆ. ನಾನು ಡೀಸೆಲ್ಲಿನ ಪರವಾಗೇ ಉದಾರವಾಗಿ ಹಿಡೀತೀನಿ. ವರ್ಷಕ್ಕೆ 4,000 ಮೈಲಿ ಟ್ರೇಲರ್ ಸಮೇತ, 6,000 ಖಾಲಿ. ಗ್ಯಾಸ್ ಟ್ರಕ್ಕಿಗೆ ಗ್ಯಾಲನ್‌ಗೆ ಕ್ರಮವಾಗಿ 9 ಮತ್ತು 13 ಮೈಲಿ, ಡೀಸೆಲ್‌ಗೆ 12 ಮತ್ತು 17. ವರ್ಷಕ್ಕೆ ಪೆಟ್ರೋಲ್ 906 ಗ್ಯಾಲನ್, ಡೀಸೆಲ್ 686. ಪೆಟ್ರೋಲ್ 3.25, ಡೀಸೆಲ್ 3.90 ಡಾಲರ್ ಅಂತ ಇಟ್ಟುಕೊಂಡರೆ 2,945ಕ್ಕೆ 2,675. ಉಳಿತಾಯ ವರ್ಷಕ್ಕೆ 270 ಡಾಲರ್. ಹಳೇ ಗಾಡಿಯಲ್ಲೂ ಡೀಸೆಲ್‌ಗೆ 8,000 ಡಾಲರ್ ಜಾಸ್ತಿ ಕೊಟ್ಟಿದ್ದರೆ ಆ ದುಡ್ಡು ವಾಪಸ್ ಬರೋಕೆ ಸುಮಾರು 30 ವರ್ಷ! ಅಷ್ಟರಲ್ಲಿ ನಿಮ್ಮ ಮಗು ಅದೇ ಟ್ರಕ್ಕಿನಲ್ಲಿ ತನ್ನ ಮಗುವನ್ನ ಸ್ಕೂಲಿಗೆ ಬಿಡ್ತಿರುತ್ತೆ. ನಿಮ್ಮೂರಿನ ಬೆಲೆ ಹಾಕಿ ನೀವೇ ಲೆಕ್ಕ ಮಾಡಿ ನೋಡಿ.

ಮೂರನೇದು, ಹಳೇ ಡೀಸೆಲ್ಲಿನ ಹೊಟ್ಟೆಯೊಳಗಿರೋ ಬಾಂಬು. 2007ರಿಂದ ಹೊಗೆ ಸೋಸೋ ಡಿಪಿಎಫ್ ಬಂತು, 2010-11ರ ಹೊತ್ತಿಗೆ ಹೆಚ್ಚಿನವಕ್ಕೆ ಯೂರಿಯಾ ನೀರು ಕುಡಿಯೋ ವ್ಯವಸ್ಥೆಯೂ ಬಂತು. ಪರಿಸರಕ್ಕೆ ಒಳ್ಳೇದೇ, ಬೇಡ ಅನ್ನಲ್ಲ. ಆದರೆ ವಾರಂಟಿ ಮುಗಿದ ಮೇಲೆ ಅದರ ಒಂದೊಂದು ಸೆನ್ಸರೂ ನಿಮ್ಮ ಜೇಬಿಗೇ ಕೈ ಹಾಕುತ್ತೆ. ಜೊತೆಗೆ ಸಿಪಿ4 ಅನ್ನೋ ಇಂಧನ ಪಂಪು. 2011ರಿಂದ ಫೋರ್ಡ್ ಡೀಸೆಲ್‌ಗಳಲ್ಲಿ, 2011ರಿಂದ 2016ರವರೆಗಿನ ಡ್ಯುರಾಮ್ಯಾಕ್ಸ್‌ನಲ್ಲಿ, 2019-20ರ ರ‍್ಯಾಮ್ ಕಮಿನ್ಸ್‌ನಲ್ಲಿ ಇದೇ ಇತ್ತು. ರ‍್ಯಾಮ್ 2021ರಲ್ಲಿ ರಿಕಾಲ್ ಮಾಡಿತು. ಈ ಪಂಪು ಒಳಗೇ ಸವೆದು ಹೋದರೆ ಲೋಹದ ಪುಡಿ ಇಂಜೆಕ್ಟರ್‌ವರೆಗೂ ಹರಡಿ ಇಡೀ ಇಂಧನ ವ್ಯವಸ್ಥೆ ಬದಲಿಸಬೇಕು. ಖರ್ಚು ಹತ್ತು ಸಾವಿರ ಡಾಲರ್ ಮುಟ್ಟೋದು ಅಪರೂಪವೇನಲ್ಲ. ನಮ್ಮ ಮೆಚ್ಚಿನ ಗ್ಯಾಸ್ ಟ್ರಕ್ಕಿಗೆ ಇಂಧನ ಪಂಪು ಹೋದರೆ ಅದರ ಸಣ್ಣದೊಂದು ಪಾಲಿನಲ್ಲಿ ಕೆಲಸ ಮುಗೀತು.

"ಬೆಟ್ಟ ಹತ್ತೋದು ಹೇಗೆ?"

ಇದೊಂದು ಪ್ರಶ್ನೆ ಗೌರವಕ್ಕೆ ಅರ್ಹ. ನಾನಿರೋದು ಡೆನ್ವರ್ ಪಕ್ಕ, ಹಾಗಾಗಿ ಹಾರಿಕೆ ಉತ್ತರ ಕೊಡಲ್ಲ. ಟರ್ಬೋ ಇಲ್ಲದ ಇಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು ನೂರಕ್ಕೆ 3ರಷ್ಟು ಶಕ್ತಿ ಕಳಕೊಳ್ಳುತ್ತೆ. ಐ-70ರ ಐಸೆನ್‌ಹೋವರ್ ಸುರಂಗ 11,158 ಅಡಿ ಎತ್ತರದಲ್ಲಿದೆ. ಅಂದ್ರೆ ಫೋರ್ಡಿನ 6.2 ಲೀಟರ್ ವಿ8ರ 385 ಕುದುರೆಗಳಲ್ಲಿ ಅಲ್ಲಿಗೆ ತಲುಪೋದು ಸುಮಾರು 258 ಮಾತ್ರ.

ಬೇಕಾಗೋದು ಎಷ್ಟು? ಟ್ರಕ್ಕು, ಜನ, ಟ್ರೇಲರ್ ಎಲ್ಲಾ ಸೇರಿ 15,000 ಪೌಂಡ್, ನೂರಕ್ಕೆ 7ರ ಏರು, ಗಂಟೆಗೆ 45 ಮೈಲಿ. ಏರಿಗೆ 126 ಕುದುರೆ, ಟೈರ್ ಘರ್ಷಣೆಗೆ ಇಪ್ಪತ್ತು ಚಿಲ್ಲರೆ, ಆ ತೆಳು ಗಾಳಿಯಲ್ಲಿ ಗಾಳಿ ತಡೆಗೆ ಇನ್ನೊಂದು ಇಪ್ಪತ್ತೈದು. ಗೇರ್‌ಬಾಕ್ಸು, ಆಕ್ಸಲ್ಲು ನುಂಗೋದು ಸೇರಿಸಿದರೆ ಸುಮಾರು 205. ಇರೋದು 258. ಹತ್ತುತ್ತೆ ಸ್ವಾಮೀ! ಇಂಜಿನ್ 4,500 ಆರ್‌ಪಿಎಂ ಮೇಲೆ ಕಿರುಚಿಕೊಳ್ಳುತ್ತೆ, ಬಲಗಡೆಯ ಲೇನಿನಲ್ಲಿ ಲಾರಿಗಳ ಜೊತೆ ಹೋಗ್ತೀರಿ, ಅಮ್ಮ "ಗಾಡಿ ಯಾಕೋ ಹೀಗೆ ಅರಚ್ತಿದೆ ಮಗಾ" ಅಂತ ಕೇಳ್ತಾರೆ. ಆ ಇಂಜಿನ್ ಮಾಡಿರೋದೇ ಅದಕ್ಕೆ. ವರ್ಷಕ್ಕೆ ಐದಾರು ಸಲ ಹದಿನೈದು ನಿಮಿಷ ಸದ್ದು ಕೇಳೋದನ್ನ ತಪ್ಪಿಸೋಕೆ ಎಂಟು ಸಾವಿರ ಡಾಲರ್ ಕೊಡ್ತೀರಾ?

ಡೀಸೆಲ್ ಯಾರಿಗೆ ಬೇಕು ಅಂತಲೂ ಹೇಳಿಬಿಡ್ತೀನಿ. ಹನ್ನೆರಡು ಸಾವಿರ ಪೌಂಡ್ ಮೀರಿದ ಫಿಫ್ತ್ ವೀಲ್ ಎಳೆಯೋರು, ವರ್ಷಕ್ಕೆ ಇಪ್ಪತ್ತು ಸಾವಿರ ಮೈಲಿ ಎಳೆಯೋರು, ಬೆಟ್ಟದಲ್ಲೇ ವಾಸ ಇರೋರು. ಇಳಿಜಾರಿನಲ್ಲಿ ಡೀಸೆಲ್‌ನ ಎಕ್ಸಾಸ್ಟ್ ಬ್ರೇಕ್ ನಿಜಕ್ಕೂ ವರದಾನ. ಗ್ಯಾಸ್ ಟ್ರಕ್ಕಿನಲ್ಲಿ ಇಳಿಯೋಕೆ ಮೊದಲೇ ಕೆಳಗಿನ ಗೇರಿಗೆ ಹಾಕಬೇಕು, ಟೋ-ಹಾಲ್ ಮೋಡ್ ಒತ್ತಬೇಕು, ನಿಧಾನ ಹೋಗಬೇಕು. ಇದನ್ನ ಕಲಿಯೋಕೆ ಆಗದವನು ಯಾವ ಟ್ರಕ್ಕಿನಲ್ಲೂ ಟ್ರೇಲರ್ ಎಳೆಯೋದು ಬೇಡ.

ಯಾವುದು ಕೊಳ್ಳೋದು, ಏನು ನೋಡೋದು

ಫೋರ್ಡ್ 6.2, 2011ರಿಂದ 2022ರವರೆಗೆ ಸೂಪರ್ ಡ್ಯೂಟಿಯಲ್ಲಿ ಬಂತು. ಸರಳ, ಗಟ್ಟಿ. 2017ರಿಂದ ಟಾರ್ಕ್ 405ರಿಂದ 430ಕ್ಕೆ ಏರಿತು. ಬಜೆಟ್ ಇದ್ದರೆ 2020ರಿಂದ ಬಂದ 7.3 ಲೀಟರ್ ಇನ್ನೂ ಬಲಶಾಲಿ, 430 ಕುದುರೆ, 475 ಟಾರ್ಕ್, ಹತ್ತು ಗೇರು. ಜಿಎಂನ 6.0 ಲೀಟರ್ 2019ರವರೆಗೆ ಇತ್ತು, 360 ಕುದುರೆ. ಕೋಣನ ಹಾಗೆ: ನಿಧಾನ, ಆದರೆ ಬಾಳಿಕೆ. 2020ರ 6.6 ಗ್ಯಾಸ್ ಅದಕ್ಕಿಂತ ಎಷ್ಟೋ ಮೇಲು, 401 ಕುದುರೆ, 464 ಟಾರ್ಕ್. ರ‍್ಯಾಮ್ 6.4 ಹೆಮಿ 2014ರಿಂದ ಬಂತು, 410 ಕುದುರೆ, 2019ರಿಂದ ಎಂಟು ಗೇರು. ಇದರಲ್ಲಿ ಲಿಫ್ಟರ್ ಸವೆತ, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬೋಲ್ಟ್ ಮುರಿಯೋದು ಎರಡೂ ಪ್ರಸಿದ್ಧ. ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ ಟಿಕ್ ಟಿಕ್ ಸದ್ದು ಕೇಳಿ. ಮಾರುವವನು ಇಂಜಿನ್ ಮೊದಲೇ ಬಿಸಿ ಮಾಡಿ ನಿಲ್ಲಿಸಿದ್ದರೆ ಅನುಮಾನ ಪಡಿ. 2005ರಿಂದ 2008ರವರೆಗಿನ ಫೋರ್ಡ್ 5.4 ಅಗ್ಗ ಅಂತ ಹೋಗಬೇಡಿ, ಅದರ ಸ್ಪಾರ್ಕ್ ಪ್ಲಗ್ ಬಿಚ್ಚುವಾಗ ಅರ್ಧ ಒಳಗೇ ಮುರಿದು ಕೂರುತ್ತೆ.

ನೋಡೋ ಕ್ರಮ ಇಷ್ಟೇ:

1. ಮೊದಲು ಬಾಗಿಲಿನ ಚೀಟಿ. ಫೋಟೋ ಕಳಿಸಿ ಅಂತ ಫೋನಲ್ಲೇ ಕೇಳಿ. ಕಳಿಸದಿದ್ದರೆ ಆ ಗಾಡಿ ಬಿಡಿ.

2. ಆಕ್ಸಲ್ ರೇಷಿಯೋ. 3.73 ಆದರೂ ಇರಲಿ, 4.10 ಅಥವಾ 4.30 ಸಿಕ್ಕರೆ ಇನ್ನೂ ಒಳ್ಳೇದು.

3. ಇಂಜಿನ್ ಗಂಟೆ. ಕಂಪನಿ ಕೆಲಸಕ್ಕಿದ್ದ ಟ್ರಕ್ಕುಗಳು ದಿನವಿಡೀ ನಿಂತಲ್ಲೇ ಓಡಿರುತ್ತವೆ. 90,000 ಮೈಲಿಗೆ 6,000 ಗಂಟೆ ಅಂದ್ರೆ ಸರಾಸರಿ ವೇಗ 15 ಮೈಲಿ. ಮೀಟರ್ ತೋರಿಸೋದಕ್ಕಿಂತ ಆ ಇಂಜಿನ್ ಎಷ್ಟೋ ಮುದುಕ.

4. ಬೆಡ್ ನೆಲದಲ್ಲಿ ತೂತುಗಳಿವೆಯಾ? ಫಿಫ್ತ್ ವೀಲ್ ಅಥವಾ ಗೂಸ್‌ನೆಕ್ ಎಳೆದ ಗುರುತು ಅದು. ಬೇಡ ಅಂತಲ್ಲ, ಬೆಲೆ ಇಳಿಸಿ, ಗೇರ್‌ಬಾಕ್ಸ್ ಎಣ್ಣೆಯ ಇತಿಹಾಸ ಕೇಳಿ.

5. ಉಪ್ಪು ಸುರಿಯೋ ಊರಿನ ಗಾಡಿಯಾದರೆ ಕೆಳಗೆ ಮಲಗಿ ಫ್ರೇಮು, ಬ್ರೇಕ್ ಪೈಪು ನೋಡಿ. ತುಕ್ಕಿಗೆ ಮದ್ದಿಲ್ಲ.

6. ಟೈರಿನ ಡಿಒಟಿ ಕೋಡಿನ ಕೊನೆಯ ನಾಲ್ಕು ಅಂಕಿ. 2318 ಅಂದ್ರೆ 2018ರ 23ನೇ ವಾರ. ಹಲ್ಲು ಎಷ್ಟೇ ಇದ್ದರೂ ಮುದಿ ಟೈರಿಗೆ ಮನೆಮಂದಿಯನ್ನ ಒಪ್ಪಿಸಬೇಡಿ.

7. ಕೊಂಡ ಮೇಲೆ ಟ್ರೇಲರ್ ತುಂಬಿಸಿ, ಮನೆಮಂದಿಯನ್ನ ಕೂರಿಸಿ, ಹೈವೇ ಬದಿಯ ಲಾರಿ ತೂಕದ ಕಟ್ಟೆಗೆ ಹೋಗಿ ತೂಗಿಸಿ. ಒಂದು ಊಟದ ದುಡ್ಡು ಅಷ್ಟೇ.

ಕೊನೇ ಮಾತು, ಯಾರೂ ಹೇಳದ್ದು

ನಮ್ಮಲ್ಲಿ ಎಷ್ಟೋ ಜನ ಎಚ್-1ಬಿ ಮೇಲಿದೀವಿ. ಕೆಲಸ ಹೋದರೆ ಹೊಸ ಕೆಲಸ ಹುಡುಕೋಕೆ ಇರೋದು ಹೆಚ್ಚೆಂದರೆ 60 ದಿನ. ಎಂಬತ್ತು ಸಾವಿರದ ಹೊಸ ಡೀಸೆಲ್ ಟ್ರಕ್ಕನ್ನ ಏಳು ವರ್ಷದ ಸಾಲದಲ್ಲಿ ತಂದವನು, ಆ ಅರವತ್ತು ದಿನದಲ್ಲಿ ಅದನ್ನ ಮಾರೋಕೆ ಹೊರಟರೆ ಬರೋ ಬೆಲೆ ಉಳಿದ ಸಾಲಕ್ಕಿಂತ ಕಡಿಮೆ ಇರುತ್ತೆ. ಮನೆ ಖಾಲಿ ಮಾಡೋ ಹೊತ್ತಲ್ಲಿ ಕೈಯಿಂದ ದುಡ್ಡು ಹಾಕಿ ಟ್ರಕ್ ಬಿಡಿಸಿಕೊಳ್ಳಬೇಕು. ಮೊದಲ ಮಾಲೀಕ ಸವಕಳಿಯೆಲ್ಲ ತಿಂದಾಗಿರೋ ಹಳೇ ಗ್ಯಾಸ್ ಟ್ರಕ್ಕು ಹಾಗಲ್ಲ. ಮೂವತ್ತು ಸಾವಿರಕ್ಕೆ ತಂದದ್ದು ವರ್ಷ ಕಳೆದು ಮಾರಿದರೂ ದೊಡ್ಡ ಹೊಡೆತ ಇಲ್ಲ. ಕೊಳ್ಳೋಕೆ ಕಂಟ್ರಾಕ್ಟರುಗಳು, ರೈತರು ಸದಾ ಇರ್ತಾರೆ. ಸೆಕೆಂಡ್ ಹ್ಯಾಂಡ್ ಅಂದ್ರೆ ನಾಚಿಕೆ ಅನ್ನೋರು ಆ ನಾಚಿಕೆಗೆ ತಿಂಗಳಿಗೆ ಎಷ್ಟು ಕಂತು ಕಟ್ತಿದೀವಿ ಅಂತ ಒಮ್ಮೆ ಕೂಡಿ ನೋಡಲಿ.

ಹಾಫ್ ಟನ್ ಪಂಗಡದವರೇ, ಡೀಸೆಲ್ ಭಕ್ತರೇ, ಬೈಯೋಕೆ ಎಲ್ಲರಿಗೂ ಸ್ವಾಗತ. ಒಂದೇ ಷರತ್ತು: ಬೈಯೋಕೆ ಮೊದಲು ಹೊರಗೆ ಹೋಗಿ ನಿಮ್ಮ ಟ್ರಕ್ಕಿನ ಬಾಗಿಲು ತೆಗೆದು ಆ ಚೀಟಿಯ ನಂಬರ್ ಬರಕೊಂಡು ಬನ್ನಿ. ಅದಿಲ್ಲದ ವಾದ ನನ್ನ ಹತ್ರ ನಡೆಯಲ್ಲ :-)